ಕಟ್ಟೆಯ ಮೇಲಿನಾಕೆಗೆ ನನ್ನ ಕಣ್ಣಿನ ಗುಟ್ಟು ಗೊತ್ತಿತ್ತು

ಕಣ್ಣು ಸರಿಯಿಲ್ಲದವಳ ಸಾಕ್ಷಿಯನ್ನು ಯಾರು ನಂಬುತ್ತಾರೆ? ನೀವೂ ನಂಬಬೇಡಿ, ನನಗೆ ಬೇಸರವಿಲ್ಲ. ಆದರೆ ನಡೆದದ್ದು ನಡೆದದ್ದೇ. ಎದುರಿಗೆ ನಿಂತ ಮನುಷ್ಯರೇ ನನಗೆ ಕಾಣುವುದಿಲ್ಲ, ಇನ್ನು ದೆವ್ವ ಎಲ್ಲಿಂದ ಕಾಣಬೇಕು ಎಂದು ನಾನೂ ಮೊದಲು ನಗುತ್ತಿದ್ದೆ. ಮದುವೆಯಾಗಿ ಬಂದ ವರ್ಷದ ಬೇಸಿಗೆಯವರೆಗೆ ನಗುತ್ತಿದ್ದೆ.

ನನ್ನ ಕನ್ನಡಕದ ನಂಬರು ಮೈನಸ್ ಏಳು. ತೆಗೆದಿಟ್ಟರೆ ಒಂದು ಮಾರು ದೂರದ ಮುಖ ನನಗೆ ನಾದಿಟ್ಟ ಹಿಟ್ಟಿನ ಮುದ್ದೆ. ಕಣ್ಣಿಲ್ಲ, ಮೂಗಿಲ್ಲ, ಬಾಯಿಯಿಲ್ಲ. ಹೆಸರು ಗಂಗಾ, ಆದರೆ ಚಿಕ್ಕಂದಿನಿಂದ ಸಿಂದಗಿಯ ನಮ್ಮ ಓಣಿಯಲ್ಲಿ ನನ್ನನ್ನು ‘ಸೋಡಾ ಗ್ಲಾಸ್’ ಎಂದೇ ಕರೆಯುತ್ತಿದ್ದರು. ಹುಡುಗರು ಕರೆದರೆ ಸಿಟ್ಟು ಬರುತ್ತಿತ್ತು. ಮದುವೆಯ ವಯಸ್ಸಿಗೆ ಬಂದಮೇಲೆ ಸಿಟ್ಟು ಹೋಗಿ ನಾಚಿಕೆ ಉಳಿಯಿತು.

ಇಂಡಿ ಕಡೆಯಿಂದ ಒಬ್ಬರು ಕನ್ಯಾ ನೋಡಲು ಬಂದರು. ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು, ಚಹಾ ಕುಡಿದರು, ನನ್ನ ಕನ್ನಡಕವನ್ನೇ ನೋಡಿದರು, ಹೋದರು. ಮರುದಿನ ಜಾತಕ ಕೂಡುವುದಿಲ್ಲವೆಂದು ಹೇಳಿ ಕಳಿಸಿದರು. ನಾವು ಜಾತಕ ಕೊಟ್ಟೇ ಇರಲಿಲ್ಲ.

ಆದ್ದರಿಂದ ಮುಂದಿನ ಸಲ ಮುದ್ದೇಬಿಹಾಳ ಕಡೆಯವರು ಬಂದಾಗ ನನ್ನ ಸೋದರತ್ತೆ ಕನ್ನಡಕವನ್ನು ಮುಖದಿಂದ ಕಿತ್ತೇ ಇಟ್ಟುಕೊಂಡಳು. ‘ಮದಿವಿ ಆದಮ್ಯಾಲ ನಿಧಾನಕ ಹೇಳಿದ್ರಾತು’ ಎಂದು ಅಪ್ಪನ ಬಾಯಿಯನ್ನೂ ಮುಚ್ಚಿಸಿದಳು. ನಾನು ಚಹಾದ ತಾಟು ಹಿಡಿದು ಹೊರಗೆ ಬಂದೆ. ಸಾಲಾಗಿ ಕುಳಿತವರಲ್ಲಿ ಮೊದಲನೆಯವರ ಮುಂದೆ ಬಾಗಿ ಕಪ್ಪು ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಹಿಡಿದೇ ನಿಂತೆ. ಅದು ಗೋಡೆಗೆ ಒರಗಿಸಿದ್ದ ಲೋಡುದಿಂಬು! ಯಾರೋ ಗಂಡಸರು ನಕ್ಕು, ‘ಹುಡುಗಿ ನಾಚಿಕಿಗೆ ತಲಿನೇ ಎತ್ತವಲ್ಲಳ್ರಿ’ ಎಂದರು. ಅತ್ತೆಯಾಗುವವರು ಎದ್ದು ಹತ್ತಿರ ಬಂದು ನನ್ನ ಕೆನ್ನೆ, ಗದ್ದ, ಕೈಯನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ, ‘ಹುಡುಗಿ ಛಲೋ ಅದಾಳ’ ಎಂದುಬಿಟ್ಟರು. ನನ್ನ ಕುರುಡು ಅವರಿಗೆ ಸಂಸ್ಕಾರವಾಗಿ ಕಂಡಿತು. ಹೀಗೆ ನನ್ನ ಮದುವೆಯಾಯಿತು.

ಗಂಡನ ಊರು ಮುದ್ದೇಬಿಹಾಳದಿಂದ ತಾಳಿಕೋಟೆಗೆ ಹೋಗುವ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ, ಊರಿನವರು ಓದಿಬಿಟ್ಟರೆ ಕಷ್ಟ. ಮನೆಯಲ್ಲಿ ನಾವು ಮೂವರೇ… ಅತ್ತೆ, ನಮ್ಮವರು, ನಾನು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ನಮ್ಮವರು ತಾಳಿಕೋಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಮುಂಜಾನೆ ಹೋದರೆ ಬರುವುದು ಕತ್ತಲಾದ ಮೇಲೆ. ಹತ್ತಿರ ಬಂದರೆ ಅವರ ಮುಖ ನನಗೆ ಸ್ಪಷ್ಟವಾಗಿಯೇ ಕಾಣುತ್ತಿತ್ತು, ಹೊಸದಾಗಿ ಮದುವೆಯಾದವರಿಗೆ ಅಷ್ಟು ಸಾಕು.

ಕನ್ನಡಕ ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಹಳೆಯ ಸ್ವೆಟರಿನ ತೋಳಿನೊಳಗೆ ಮಲಗಿತ್ತು. ‘ನಿಧಾನಕ ಹೇಳಿದ್ರಾತು’ ಎಂಬ ಆ ದಿನ ಬರಲೇ ಇಲ್ಲ. ಇವತ್ತು ಹೇಳೋಣ ಎಂದುಕೊಂಡರೆ ಅಪ್ಪನ ಮುಖ ನೆನಪಾಗುತ್ತಿತ್ತು. ಮೋಸ ಮಾಡಿ ಮಗಳನ್ನು ಕೊಟ್ಟ ಎಂದು ಅವನನ್ನು ಯಾರಾದರೂ ಅಂದರೆ ನಾನು ಹೇಗೆ ತಡೆದುಕೊಳ್ಳಲಿ? ಹಾಗಾಗಿ ಕಿವಿ ಮೂಗಿನ ಮೇಲೆ ಸಂಸಾರ ಹೂಡಿದೆ. ಅತ್ತೆ ಬಂದರೆ ಬೆಳ್ಳಿ ಬಳೆಗಳ ಸದ್ದು, ಜೊತೆಗೆ ಎಲೆ ಅಡಿಕೆಯ ವಾಸನೆ. ನಮ್ಮವರು ಬಂದರೆ ಕೀಲಿ ಗೊಂಚಲಿನ ಸದ್ದು.

ಸದ್ದಿಲ್ಲದೆ ಎದುರಿಗೆ ಏನಾದರೂ ನಿಂತರೆ? ಅದಕ್ಕೂ ಒಂದು ಉಪಾಯ ಮಾಡಿಕೊಂಡಿದ್ದೆ. ಮಸುಕಾಗಿ ಏನು ಕಂಡರೂ ಮೊದಲು ಬಹುವಚನದಲ್ಲಿ ಮಾತಾಡಿಸಿಬಿಡುವುದು. ‘ಬರ್ರಿ, ಆರಾಮ ಅದೀರೇನ್ರಿ, ಊಟ ಆತೇನ್ರಿ?’ ಗುರುತು ಹಿಡಿಯದೆ ಹೋದಳು ಎಂಬ ಮಾತು ಬರಬಾರದಲ್ಲ. ಒಮ್ಮೆ ಬಾಗಿಲ ಸಂದಿಯಲ್ಲಿ ನಿಲ್ಲಿಸಿದ್ದ ತೊಗರಿ ಕಟ್ಟಿಗೆಯ ಹೊರೆಗೂ ‘ಒಳಗ ಬರ್ರಿ’ ಎಂದಿದ್ದೇನೆ. ಊರೆಲ್ಲ ನನ್ನನ್ನು ಹೊಗಳುತ್ತಿತ್ತು. ಸಣ್ಣವರು ದೊಡ್ಡವರು ಎನ್ನದೆ ಎಲ್ಲರಿಗೂ ‘ರಿ’ ಹಚ್ಚಿ ಮಾತಾಡುತ್ತಾಳೆ, ಎಂಥ ಗುಣ ಎಂದು. ಆ ಹೊಗಳಿಕೆ ಕೇಳಿದಾಗಲೆಲ್ಲ ನೆಲದೊಳಗೆ ಇಳಿದು ಹೋಗಬೇಕು ಅನ್ನಿಸುತ್ತಿತ್ತು.

ಈ ಚಾಳಿಯೇ ನನ್ನನ್ನು ಆ ರಾತ್ರಿ ಸಿಕ್ಕಿಸಿ ಹಾಕಿತು.

ನಮ್ಮ ಕಡೆ ಬೇಸಿಗೆಯಲ್ಲಿ ಮನೆಯೊಳಗೆ ಮಲಗಲಿಕ್ಕೆ ಸಾಧ್ಯವಿಲ್ಲ. ಕಲ್ಲಿನ ಗೋಡೆ ಹಗಲೆಲ್ಲ ಕಾದು ರಾತ್ರಿ ಉಗುಳುತ್ತದೆ. ಎಲ್ಲರೂ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುತ್ತೇವೆ. ಆ ದಿನಗಳಲ್ಲಿ ಅತ್ತೆಯ ಅಕ್ಕ ಬಾಗೇವಾಡಿಯಿಂದ ಬಂದಿದ್ದರು. ದೊಡ್ಡವ್ವ ಎನ್ನುತ್ತಿದ್ದೆವು. ಯಾವಾಗಲೂ ಬಿಳಿ ಸೀರೆ ಉಡುವ ವಿಧವೆ.

ರಾತ್ರಿ ಬಾಯಾರಿ ಎಚ್ಚರವಾಯಿತು. ಊರಿನಲ್ಲಿ ಕರೆಂಟು ಹೋಗಿತ್ತು. ಬೆಳದಿಂಗಳಿತ್ತು, ಆದರೆ ನನ್ನ ಕಣ್ಣಿಗೆ ಬೆಳದಿಂಗಳೆಂದರೆ ಚೆಲ್ಲಿದ ಹಾಲು, ಎಲ್ಲವೂ ಅದರಲ್ಲಿ ಕಲಸಿ ಹೋಗುತ್ತದೆ. ಗೋಡೆ ಸವರುತ್ತ ಮೆಟ್ಟಿಲು ಇಳಿದೆ. ದೂರದಲ್ಲಿ ಎಲ್ಲೋ ನಾಯಿ ಬೊಗಳುತ್ತಿತ್ತು. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಅದೂ ನಿಂತಿತು…

ಅಂಗಳದ ಕಟ್ಟೆಯ ಮೇಲೆ ಬಿಳಿ ಸೀರೆ ಕುಳಿತಿತ್ತು.

‘ಯಾಕ್ರಿ ದೊಡ್ಡವ್ವಾ, ನಿದ್ದಿ ಬರಲಿಲ್ಲೇನ್ರಿ?’ ಎಂದೆ. ರೂಢಿ.

ಒಂದು ವಾಸನೆ ಮಾತ್ರ ಬಂತು. ಹಗೇವು ನೋಡಿದ್ದೀರಾ? ಹಿಂದೆ ನೆಲದಡಿ ಗುಂಡಿ ತೋಡಿ ಜೋಳ ತುಂಬಿಡುತ್ತಿದ್ದರು. ವರ್ಷಗಟ್ಟಲೆ ಮುಚ್ಚಿದ್ದ ಹಗೇವಿನ ಬಾಯಿ ತೆಗೆದಾಗ ಬಿಸಿಯಾದ, ಮುಗ್ಗಲು ಹಿಡಿದ ಒಂದು ಉಸಿರು ಮೇಲೆ ಬರುತ್ತದೆ. ಅಂಥ ವಾಸನೆ. ನಮ್ಮ ಅಂಗಳದ ಕೆಳಗೂ ಒಂದು ಹಳೆಯ ಹಗೇವು ಇದೆಯಂತೆ, ಅದನ್ನು ಯಾರೂ ತೆಗೆಯುವುದಿಲ್ಲ.

‘ನೀರ ಕೊಡವಾ…’ ಧ್ವನಿ ಬಹಳ ಒಣಗಿತ್ತು.

ತಂಬಿಗೆಯಲ್ಲಿ ನೀರು ತಂದು ಮುಂದೆ ಹಿಡಿದೆ. ಕೈ ತೆಗೆದುಕೊಂಡಿತು. ಕುಡಿಯುವ ಸದ್ದು ಗಟಗಟ ಕೇಳುತ್ತಲೇ ಇತ್ತು, ಒಂದು ತಂಬಿಗೆ ನೀರಿಗೆ ಇಷ್ಟು ಹೊತ್ತೇ ಅನ್ನಿಸುವಷ್ಟು. ಆಮೇಲೆ ತಂಬಿಗೆಯನ್ನು ಕಲ್ಲಿನ ಮೇಲೆ ಇಟ್ಟ ಸದ್ದು. ನಾನು ತಿರುಗಿ ಹೊರಟಿದ್ದೆ.

‘ನಿನಗ ಕಣ್ಣ ಕಾಣಂಗಿಲ್ಲಲ್ಲ?’

ಎದೆ ಧಸಕ್ಕೆಂದಿತು. ಮದುವೆಯ ದಿನದಿಂದ ಯಾವ ಮಾತಿಗೆ ಹೆದರಿ ಬದುಕುತ್ತಿದ್ದೆನೋ ಅದೇ ಮಾತು. ಅಲ್ಲೇ ನೆಲದ ಮೇಲೆ ಕುಳಿತೆ. ಅಳು ಬಂತು. ದೊಡ್ಡವ್ವನ ಕಾಲು ಎಲ್ಲಿದೆ ಎಂದೂ ತಿಳಿಯದೆ ಕತ್ತಲಲ್ಲೇ ಕೈ ಮುಗಿದೆ.

‘ಯಾರ ಮುಂದೂ ಹೇಳಬ್ಯಾಡ್ರಿ. ನಮ್ಮಪ್ಪನ ಮಾನ ಹೋಗ್ತೈತ್ರಿ.’

‘ನಾ ಹೇಳಂಗಿಲ್ಲ,’ ಎಂದಿತು ಆ ಧ್ವನಿ. ‘ನಾ ಇಲ್ಲಿ ಕುಂದರತೇನಿ ಅನ್ನೂದು ನೀನೂ ಯಾರಿಗೂ ಹೇಳಬ್ಯಾಡ’ ಎಂದಿತು.

ಆಯಿತೆಂದು ಮಾತು ಕೊಟ್ಟೆ. ಮೇಲೆ ಹೋಗಿ ಮಲಗಿದೆ. ಮುಂಜಾನೆ ದೊಡ್ಡವ್ವ ಒಬ್ಬರೇ ಸಿಕ್ಕಾಗ ಹತ್ತಿರ ಹೋಗಿ, ರಾತ್ರಿಯ ಮಾತು ನೆನಪಿರಲಿ ಎಂದು ಪಿಸುಗುಟ್ಟಿದೆ. ಯಾವ ಮಾತು ಎಂದು ಕೇಳಿದರು. ಬಿ.ಪಿ. ಗುಳಿಗೆ ನುಂಗಿ ಮಲಗಿದರೆ ಬೆಳಗಿನವರೆಗೆ ತನಗೆ ಎಚ್ಚರವೇ ಇರುವುದಿಲ್ಲ ಎಂದರು. ಮುದುಕಿ ಎಷ್ಟು ಚೆನ್ನಾಗಿ ಗುಟ್ಟು ಕಾಯುತ್ತಾಳೆ ಎಂದು ನನಗೆ ಪ್ರೀತಿ ಉಕ್ಕಿತು. ಅವತ್ತು ಅವರು ಊರಿಗೆ ಹೊರಟಾಗ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಕೊಟ್ಟೆ. ಬಸ್ಸು ಹತ್ತಿಸಿ ಬಂದವಳೂ ನಾನೇ.

ಆ ರಾತ್ರಿ ಮತ್ತೆ ಬಾಯಾರಿತು. ಕೆಳಗಿಳಿದೆ.

ಕಟ್ಟೆಯ ಮೇಲೆ ಬಿಳಿ ಸೀರೆ ಕುಳಿತಿತ್ತು…

ಆಗ ತಿಳಿಯಿತು, ನಿನ್ನೆ ಏನನ್ನು ಗಮನಿಸದೆ ಹೋಗಿದ್ದೆ ಎಂದು. ದೊಡ್ಡವ್ವ ಉಸಿರಾಡಿದರೆ ಎದೆಯಲ್ಲಿ ಗೊರಗೊರ ಸದ್ದು ಬರುತ್ತಿತ್ತು. ಇಲ್ಲಿ ಉಸಿರಿನ ಸದ್ದೇ ಇರಲಿಲ್ಲ.

‘ನೀರ ಕೊಡವಾ…’

ನೀವಾದರೆ ಕಿರುಚುತ್ತಿದ್ದಿರಿ. ನಾನೂ ಬಾಯಿ ತೆಗೆದೆ. ಆದರೆ ಕಿರುಚಿದರೆ ಏನಾಗುತ್ತದೆ? ನಮ್ಮವರು ಬ್ಯಾಟರಿ ಹಿಡಿದು ಓಡಿ ಬರುತ್ತಾರೆ. ಯಾರಿದ್ದರು, ಗಂಡಸೋ ಹೆಂಗಸೋ, ಮುಖ ನೋಡಿದೆಯೋ ಇಲ್ಲವೋ ಎಂದು ಕೇಳುತ್ತಾರೆ. ಇಷ್ಟು ಬೆಳದಿಂಗಳಿದೆ, ಇಷ್ಟು ಹತ್ತಿರ ಇದ್ದೆ, ಮುಖ ಹೇಗೆ ಕಾಣಲಿಲ್ಲ ಎನ್ನುತ್ತಾರೆ. ಅಲ್ಲಿಗೆ ನನ್ನ ಬಂಡವಾಳ ಬಯಲು. ಹೇಳಲು ನಾಚಿಕೆಯಾಗುತ್ತದೆ, ನಾನು ಕಟ್ಟೆಯ ಮೇಲಿದ್ದುದಕ್ಕಿಂತ ಆ ಪ್ರಶ್ನೆಗೆ ಹೆಚ್ಚು ಹೆದರಿದೆ. ತೆಗೆದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ತಂಬಿಗೆ ತುಂಬಿದೆ.

ನೀರು ಕೊಡುವಾಗ ಬೆರಳು ತಾಗಿತು. ತಣ್ಣಗಿರುತ್ತದೆ ಅಂದುಕೊಂಡಿದ್ದೆ. ಬೆಚ್ಚಗಿತ್ತು, ಜ್ವರ ಬಂದವರ ಕೈಯ ಹಾಗೆ.

ಆಮೇಲೆ ದಿನವೂ ಇಳಿಯಬೇಕಾಯಿತು. ಇಳಿಯದಿದ್ದರೆ ಆಕೆ ಮೇಲೆ ಬಂದಾಳೆಂಬ ಹೆದರಿಕೆ. ನಮ್ಮವರ ಕಿವಿಯಲ್ಲಿ ನನ್ನ ಸುದ್ದಿ ಹೇಳಿದರೆ? ದಿನಾ ನೀರು ಕುಡಿದ ಮೇಲೆ ಆಕೆ ಒಂದೇ ಮಾತು ಹೇಳುತ್ತಿದ್ದಳು, ‘ನಾ ಯಾರಿಗೂ ಹೇಳಿಲ್ಲವಾ.’ ನಾನೂ ಹೇಳಿಲ್ಲರಿ ಎನ್ನುತ್ತಿದ್ದೆ. ಹಗಲು ರೊಟ್ಟಿ ಬಡಿಯುವಾಗ ತೂಕಡಿಕೆ ಬರುತ್ತಿತ್ತು. ನಿದ್ದೆಯಿಲ್ಲದೆ ಮುಖ ಬಾಡಿತು. ಓಣಿಯ ಹೆಂಗಸರು ಬೇರೆ ಏನೋ ವಿಶೇಷ ಇರಬೇಕೆಂದು ನಗುತ್ತಿದ್ದರು.

ಕಡೆಗೆ ಒಂದು ರಾತ್ರಿ ನನ್ನ ತಾಳ್ಮೆ ಹೋಯಿತು. ಏನಾದರೂ ಆಗಲಿ, ಆ ಮುಖ ನೋಡಿಯೇ ಬಿಡುತ್ತೇನೆ ಎಂದು ನಿರ್ಧರಿಸಿದೆ. ಇಳಿದು ಅಂಗಳದ ಕಡೆ ತಿರುಗದೆ ನೇರ ಕೋಣೆಗೆ ಹೋದೆ. ಟ್ರಂಕಿನ ಮುಚ್ಚಳ ಕಿರ್ರೆಂದಿತು. ಸ್ವೆಟರಿನ ತೋಳಿನೊಳಗೆ ಕೈ ಹಾಕಿ ಕನ್ನಡಕ ತೆಗೆದೆ. ಅದಕ್ಕೆ ನುಸಿಗುಳಿಗೆಯ ವಾಸನೆ ಹತ್ತಿತ್ತು. ಹಾಕಿಕೊಂಡು, ತಂಬಿಗೆ ಹಿಡಿದು ಹೊರಗೆ ಬಂದೆ.

ಕಟ್ಟೆ ಖಾಲಿ.

ಅದರ ಕಲ್ಲುಗಳ ಸಂದು, ಸಂದಿನಲ್ಲಿ ಒಣಗಿದ ಹುಲ್ಲು, ಎಲ್ಲವೂ ಕಾಣುತ್ತಿತ್ತು. ಯಾರೂ ಇರಲಿಲ್ಲ. ಆದರೆ ಆ ಹಗೇವಿನ ವಾಸನೆ ಇತ್ತು. ದೂರದಲ್ಲಲ್ಲ, ನನ್ನ ಮುಖದ ಮುಂದೆಯೇ.

‘ಹಾಕ್ಕೊಂಡ್ಯಾ?’ ಎಂದಿತು, ಅಷ್ಟೇ ಹತ್ತಿರದಿಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ನೊಂದಿದ್ದ ಹಾಗಿತ್ತು.

ನನ್ನ ಕೈಯಿಂದ ತಂಬಿಗೆ ಬಿತ್ತು. ಮೆಟ್ಟಿಲಿನ ಮೇಲೆ ಬಳೆಗಳ ಸದ್ದಾಯಿತು. ತಿರುಗಿ ನೋಡಿದರೆ ಅತ್ತೆ ನಿಂತಿದ್ದರು. ಆ ಮನೆಗೆ ಬಂದ ಮೇಲೆ ಅತ್ತೆಯ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಬಿಗಿಯಾದ ಹೆಂಗಸು ಎಂದುಕೊಂಡಿದ್ದೆ. ಪಾಪ, ಸಣ್ಣ ಮುಖ, ತುಂಬ ಗಾಬರಿಯಾಗಿದ್ದ ಮುಖ. ಕನ್ನಡಕ ಮುಚ್ಚಿಕೊಳ್ಳಲು ಕೈ ಎತ್ತಿದೆ. ಆದರೆ ಅವರು ನನ್ನ ಕನ್ನಡಕವನ್ನು ನೋಡುತ್ತಲೇ ಇರಲಿಲ್ಲ. ಕುತ್ತಿಗೆ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ನಾನಿದ್ದ ದಿಕ್ಕಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಹಾಗೆ ಕಣ್ಣು ಕಿರಿದು ಮಾಡುವುದು ಯಾರು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವರು ಮೆಲ್ಲಗೆ ಕೇಳಿದರು.

‘ಯಾರಾಕಿ? ನೀ ಗಂಗಾನೋ… ಆಕಿನೋ?’

ಈಗಲೂ ಬರೆಯುವಾಗ ಮೈ ಜುಮ್ಮೆನ್ನುತ್ತಿದೆ.

ನಾನು ಗಂಗಾ ಎಂದೆ. ಹತ್ತಿರ ಬಂದು ಕೈಯಿಂದ ನನ್ನ ಮುಖ ಮುಟ್ಟಿದರು. ಬೆರಳಿಗೆ ಕನ್ನಡಕ ತಾಗಿತು. ಸವರಿದರು, ಫ್ರೇಮು, ಗಾಜು, ಕಿವಿಯ ಹಿಂದಿನ ಕಡ್ಡಿ. ಬೈಯುತ್ತಾರೆ, ಅಪ್ಪನ ಹೆಸರು ತೆಗೆಯುತ್ತಾರೆ, ಬೆಳಗಾದರೆ ಸಿಂದಗಿ ಬಸ್ಸು ಹತ್ತಿಸುತ್ತಾರೆ ಎಂದು ಕಾಯುತ್ತಿದ್ದೆ.

‘ನಿನಗೂ ಕಾಣಂಗಿಲ್ಲೇನ ನನ್ನವ್ವಾ?’ ಎಂದು ಅವರು ಅಳತೊಡಗಿದರು.

ಅವರು ಹೇಳಿದ್ದನ್ನು ನಾನು ಚುಟುಕಾಗಿ ಹೇಳುತ್ತೇನೆ. ಹುಡುಗಿಯಾಗಿದ್ದಾಗಿನಿಂದ ಅವರಿಗೂ ದೂರದ್ದು ಕಾಣುತ್ತಿರಲಿಲ್ಲ. ಅವರ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಕನ್ನಡಕ ಯಾರು ಕೊಡಿಸಬೇಕು? ಕುರುಡಿ ಅಂದಾರೆಂದು ಬಾಯಿ ಮುಚ್ಚಿಕೊಂಡು ಬಂದರು. ಮಾವ ತೀರಿಕೊಂಡರು, ಅವರಿಗೂ ತಿಳಿಯಲಿಲ್ಲ. ಹೆತ್ತ ಮಗನಿಗೂ ತಿಳಿಯಲಿಲ್ಲ. ಕಟ್ಟೆಯ ಮೇಲಿನಾಕೆಗೆ ಮಾತ್ರ ಮೊದಲ ರಾತ್ರಿಯೇ ಗೊತ್ತಾಗಿತ್ತಂತೆ. ಅವರಿಂದಲೂ ಹೀಗೆಯೇ ಮಾತು ತೆಗೆದುಕೊಂಡಿದ್ದಳು. ವರ್ಷಾನುಗಟ್ಟಲೆ ನೀರು ಕೊಟ್ಟಿದ್ದರು. ಆ ಬೇಸಿಗೆಯಲ್ಲಿ ಯಾಕೆ ಆಕೆ ತಮ್ಮ ಬಳಿ ನೀರು ಕೇಳುವುದನ್ನು ಬಿಟ್ಟಿದ್ದಾಳೆಂದು ನೋಡಲು ಆ ರಾತ್ರಿ ಇಳಿದು ಬಂದಿದ್ದರು.

ನಾನೂ ನನ್ನದೆಲ್ಲ ಹೇಳಿಬಿಟ್ಟೆ. ಲೋಡಿಗೆ ಚಹಾ ಕೊಟ್ಟದ್ದು ಹೇಳಿದಾಗ ಅಳುತ್ತಲೇ ನಕ್ಕರು. ಕಟ್ಟೆಯ ಕಡೆ ಇಬ್ಬರೂ ನೋಡಲಿಲ್ಲ.

ನಮ್ಮವರಿಗೆ ಕಣ್ಣಿನ ಸಂಗತಿ ಹೇಳಿದೆವು, ಕಟ್ಟೆಯ ಸಂಗತಿ ಹೇಳಲಿಲ್ಲ. ಮೊದಲ ದಿನವೇ ಹೇಳಿದ್ದರೆ ಬೇಡ ಅನ್ನುತ್ತಿದ್ದೆನೇ ಎಂದು ಕೇಳಿದರು. ಹೆಂಡತಿಯೂ ತಾಯಿಯೂ ತನ್ನನ್ನು ನಂಬಲಿಲ್ಲವೆಂದು ಬಹಳ ದಿನ ಮುಖ ಸಣ್ಣ ಮಾಡಿಕೊಂಡಿದ್ದರು. ಅತ್ತೆಯ ಕಣ್ಣು ತೋರಿಸಿ ಅವರಿಗೂ ಕನ್ನಡಕ ಬಂತು. ಹಾಕಿಕೊಂಡ ಕೂಡಲೇ ಮಗನ ಮುಖ ನೋಡಿ, ‘ಎಷ್ಟ ಕಪ್ಪಗಾಗಿಯೋ’ ಎಂದರು. ನಾನು ಈಗ ರಾಜಾರೋಷವಾಗಿ ಕನ್ನಡಕ ಹಾಕಿಕೊಂಡು ಸಂತೆಗೆ ಹೋಗುತ್ತೇನೆ. ಜನ ಎರಡು ದಿನ ಆಡಿಕೊಂಡರು, ಮೂರನೆಯ ದಿನ ಅವರಿಗೆ ಬೇರೆ ಸುದ್ದಿ ಸಿಕ್ಕಿತು. ಇಷ್ಟಕ್ಕಾಗಿ ನಾನು ಅಷ್ಟು ಸತ್ತಿದ್ದೆನಲ್ಲ ಎಂದು ಮತ್ತೆ ನಾಚಿಕೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ರಾತ್ರಿಯ ನಂತರ ಕಟ್ಟೆ ಖಾಲಿಯಾಯಿತು. ಅತ್ತೆ ಈಗಲೂ ರಾತ್ರಿ ಊಟವಾದ ಮೇಲೆ ಕನ್ನಡಕ ತೆಗೆದಿಟ್ಟು, ತಂಬಿಗೆ ತುಂಬಿಕೊಂಡು ಕಟ್ಟೆಯ ಮೇಲೆ ಕುಳಿತು ಕಾಯುತ್ತಾರೆ. ಹೆದರಿಕೆಯಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ.

‘ಆಕಿ ಮುಂದ ಒಬ್ಬಾಕಿ ಮುಂದ ನಾ ನಾಟಕ ಮಾಡಿಲ್ಲವಾ,’ ಎಂದರು. ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ಹಗುರಾಗುತ್ತಿತ್ತು.

ಹೋದ ತಿಂಗಳು ಒಂದು ರಾತ್ರಿ ಎಚ್ಚರವಾಗಿ ಕೆಳಗಿಳಿದೆ. ಕನ್ನಡಕ ಕೈಯಲ್ಲಿಯೇ ಇತ್ತು, ಇನ್ನೂ ಹಾಕಿಕೊಂಡಿರಲಿಲ್ಲ. ಕಟ್ಟೆಯ ಮೇಲೆ ಮಸುಕಾಗಿ ಒಂದು ಆಕಾರ. ಪಾಪ, ಅತ್ತೆ ಇನ್ನೂ ಕಾಯುತ್ತಿದ್ದಾರೆ ಎಂದುಕೊಂಡೆ. ಹೊತ್ತಾಯಿತು, ಮಲಗೋಣ ನಡೆಯಿರಿ ಎಂದೆ.

‘ಯಾರ ಕೂಡ ಮಾತಾಡಾಕತ್ತೀ ಗಂಗಾ?’

ಅತ್ತೆಯ ಧ್ವನಿ ಮಾಳಿಗೆಯ ಮೇಲಿನಿಂದ ಬಂತು.

ನಾನು ಅಲ್ಲಾಡಲಿಲ್ಲ. ಹಗೇವಿನ ವಾಸನೆ ಮೆಲ್ಲಗೆ ಅಂಗಳ ತುಂಬುತ್ತಿತ್ತು. ಕನ್ನಡಕ ಏರಿಸಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಏರಿಸಲಿಲ್ಲ. ತಲೆ ತಗ್ಗಿಸಿ, ‘ತಪ್ಪಾತ್ರಿ’ ಎಂದೆ. ನೀರು ಬೇಕೇ ಎಂದು ಕೇಳಿದೆ. ಆಕೆ ಕೇಳಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಆ ಆಕಾರ ನಿಧಾನವಾಗಿ ನನ್ನತ್ತ ಬೆನ್ನು ತಿರುಗಿಸಿ ಕುಳಿತದ್ದು ಅಷ್ಟು ಮಸುಕಿನಲ್ಲೂ ನನಗೆ ತಿಳಿಯಿತು.

ಆಕೆ ಯಾರು, ಯಾಕೆ ಅಲ್ಲಿ ಕೂರುತ್ತಾಳೆ, ನಮಗೆ ಇಂದಿಗೂ ತಿಳಿದಿಲ್ಲ. ಒಂದು ಮಾತ್ರ ಗೊತ್ತು. ಆಕೆ ನನ್ನ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ನಾನು ಆಕೆಯದನ್ನು ಮೊದಲು ಅತ್ತೆಗೆ ಹೇಳಿದೆ, ಈಗ ನಿಮಗೆಲ್ಲ ಹೇಳಿಬಿಟ್ಟೆ. ಇವತ್ತೂ ಕರೆಂಟು ಹೋಗಿದೆ. ಮಾಳಿಗೆಯ ಮೇಲೆ ಕುಳಿತು ಮೊಬೈಲಿನ ಬೆಳಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಗಂಟಲು ಒಣಗಿ ಬಹಳ ಹೊತ್ತಾಯಿತು, ನೀರಿನ ಕೊಡ ಕೆಳಗಿದೆ. ಇಳಿದು ಹೋಗಲು ನನಗೆ ಮುಖವಿಲ್ಲ.